ಕಥೆ ಹೇಳಿ, ಓದಬೇಡಿ

ಮಾನ್ಯ ಸಂಪಾದಕರೇ,

ಏಪ್ರಿಲ್-ಮೇ ರಜೆ ಬಂತೆಂದರೆ ಕಾಸರಗೋಡಿನ ಶಾಲೆ, ಗ್ರಂಥಾಲಯಗಳ ಮಕ್ಕಳ ಶಿಬಿರಗಳಲ್ಲಿ ದೇಶ ವಿದೇಶಗಳ ಜನಪದ ಕಥೆಗೂ ಒಂದು ಅವಧಿ ಸಿಗುತ್ತದೆ. ಸಂತೋಷವೇ. ಆದರೆ ಎಷ್ಟೋ ಕಡೆ ಕಥೆಯನ್ನು ಮೊಬೈಲು ನೋಡಿ ಓದಿಬಿಡುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಗೆ ಇದು ಶೋಭೆಯಲ್ಲ. ವೇಷ, ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಗೆ ಪದ್ಯದ ನಡೆ ಗೊತ್ತಿರುತ್ತದೆ, ಮಾತು ಆ ಹೊತ್ತಿಗೆ ಹುಟ್ಟುತ್ತದೆ. ಕಥೆಗೂ ಅಷ್ಟೇ ಸಾಕು. ಐದಾರು ಸನ್ನಿವೇಶ, ಮರುಕಳಿಸುವ ಸಾಲು, ಕೊನೆಯ ವಾಕ್ಯ ಮನಸ್ಸಿನಲ್ಲಿದ್ದರೆ ಎಂಟು-ಹತ್ತು ನಿಮಿಷ ಧಾರಾಳವಾಗಿ ಹೇಳಬಹುದು. ಪೂರ್ತಿ ಬಾಯಿಪಾಠ ಮಾಡಿದವರು ಒಂದು ಶಬ್ದ ತಪ್ಪಿದರೂ ಅಲ್ಲೇ ತಡವರಿಸುತ್ತಾರೆ.

ಘಾನಾ ದೇಶದ ಅಕಾನ್ ಜನರ ಅನಾನ್ಸಿ ಎಂಬ ಜೇಡನ ಕಥೆಯನ್ನೇ ತೆಗೆದುಕೊಳ್ಳಿ. ಲೋಕದ ಬುದ್ಧಿಯನ್ನೆಲ್ಲ ಮಡಕೆಯಲ್ಲಿ ತುಂಬಿಸಿ ಮರದ ತುದಿಯಲ್ಲಿ ಅಡಗಿಸಲು ಹೊರಟ ಜೇಡ, ಮಡಕೆಯನ್ನು ಹೊಟ್ಟೆಗೆ ಕಟ್ಟಿಕೊಂಡಿದೆ. ಹೇಳುವವರು ಎರಡೂ ತೋಳು ಚಾಚಿ, ಮರ ಕೈಗೆ ಸಿಗದ ಒದ್ದಾಟ ತೋರಿಸಬೇಕು. ಒಂದು ಸಲ ಜಾರಬೇಕು, ಎರಡು ಸಲ ಜಾರಬೇಕು. ಮೂರನೆಯ ಸಲ ಜಾರಿದ ಮೇಲೆ ಬಾಯಿ ಮುಚ್ಚಿ ನಿಲ್ಲಬೇಕು. ಅಡಿಕೆ ಮರ ಹತ್ತುವವರನ್ನು ಕಂಡೇ ಬೆಳೆದ ನಮ್ಮ ಮಕ್ಕಳಲ್ಲಿ ಒಬ್ಬರಾದರೂ "ಬೆನ್ನಿಗೆ ಕಟ್ಟು ಮಾರಾಯಾ" ಎಂದು ಕೂಗುತ್ತಾರೆ. ಮಗ ಎನ್‌ಟಿಕುಮಾ ಆ ಬುದ್ಧಿ ಹೇಳಲು ಬರಬೇಕಾದ್ದು ಆಮೇಲೆ. ಮೌನ ಹೆದರಿಕೆ ಹುಟ್ಟಿಸುತ್ತದೆ, ಅದಕ್ಕೇ ಹೆಚ್ಚಿನವರು ಅವಸರದಲ್ಲಿ ತಾವೇ ಉತ್ತರ ಹೇಳಿಬಿಡುತ್ತಾರೆ. ಕಥೆಯ ಕೊನೆಗೆ ಮಡಕೆ ಬಿದ್ದು ಒಡೆದ ಮೇಲೆ ಇನ್ನೊಬ್ಬರು ಎದ್ದು "ಮಕ್ಕಳೇ, ಇದರ ನೀತಿಯೇನೆಂದರೆ" ಎಂದರಂತೂ ಮುಗಿಯಿತು!

ಮನೆಯಲ್ಲಿ ತುಳು, ಬ್ಯಾರಿ, ಮಲೆಯಾಳ, ಕೊಂಕಣಿ ಆಡುವ ಮಕ್ಕಳು ಒಟ್ಟಿಗೆ ಕೂತಿರುವಾಗ ಮರುಕಳಿಸುವ ಸಾಲನ್ನು ಕಥೆಗೆ ಮೊದಲೇ ಎರಡು ಮೂರು ಸಲ ಹೇಳಿಸಿಕೊಳ್ಳಿ. ಕೆರಿಬಿಯನ್ ದ್ವೀಪಗಳಲ್ಲಿ ಹೇಳುವವರು "ಕ್ರಿಕ್" ಎಂದರೆ ಸಭೆ "ಕ್ರ್ಯಾಕ್" ಎನ್ನುತ್ತದೆ. ನಮ್ಮ "ಹೂಂ" ಕೂಡ ಅದೇ ಕೆಲಸ ಮಾಡುತ್ತದೆ. ಕೈಮೈಕು ಬೇಡ, ಒಂದು ಕೈ ಅದಕ್ಕೇ ಹೋಗುತ್ತದೆ. ಕಿಟಕಿಗೆ ಬೆನ್ನು ಹಾಕಿ ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ.

1930ರ ದಶಕದಲ್ಲಿ ಜಪಾನಿನ ಬೀದಿಗಳಲ್ಲಿ ಸೈಕಲಿನಲ್ಲಿ ಮಿಠಾಯಿ ಮಾರುತ್ತ ತೋರಿಸುತ್ತಿದ್ದ ಕಾಮಿಶಿಬಾಯಿ ಚಿತ್ರಕಥೆ ಈಗ ಇಲ್ಲೂ ಕೆಲವರಿಗೆ ಇಷ್ಟವಾಗಿದೆ. ಹನ್ನೆರಡು ದಪ್ಪ ಹಾಳೆ, ಮುಂದೆ ತೆರೆದ ಒಂದು ಮರದ ಚೌಕಟ್ಟು ಇದ್ದರೆ ಸಾಕು. ಹಾಳೆಯ ಮುಂದೆ ಚಿತ್ರ, ಹಿಂದೆ ಹೇಳುವವರಿಗೆ ಮಾತು; ಎಡವುವುದು ಈ ಬರಹದಲ್ಲಿ. ಒಂದನೇ ಚಿತ್ರದ ಮಾತು ಹನ್ನೆರಡನೇ ಹಾಳೆಯ ಹಿಂದೆ ಇರಬೇಕು, ಎರಡನೆಯದರ ಮಾತು ಒಂದನೇ ಹಾಳೆಯ ಹಿಂದೆ. ತೋರಿಸಿ ಮುಗಿದ ಎದುರಿನ ಹಾಳೆ ಎಳೆದು ಹಿಂದಕ್ಕೆ ಸೇರಿಸಿದಾಗ ಬೇಕಾದ ಮಾತು ತಾನಾಗಿ ಕಣ್ಣೆದುರು ಬರುತ್ತದೆ. ಆಯಾ ಚಿತ್ರದ ಹಿಂದೆಯೇ ಬರೆದರೆ ಓದಲು ಆಗುವುದೇ ಇಲ್ಲ. ಹುಲಿ ಬರುವ ಜಾಗದಲ್ಲಿ ಹಾಳೆಯನ್ನು ಅರ್ಧ ಎಳೆದು ನಿಲ್ಲಿಸಿ, ಬಾಲ ಮಾತ್ರ ಕಾಣಲಿ. ನಲವತ್ತೈವತ್ತು ಮಕ್ಕಳಿಗಿಂತ ಹೆಚ್ಚಾದರೆ ಹಿಂದಿನವರಿಗೆ ಏನೂ ಕಾಣದು, ಎರಡು ಸಲ ತೋರಿಸುವುದೇ ಮೇಲು.

ಸಂಘಟಕರಲ್ಲಿ ಒಂದು ವಿನಂತಿ. ಕರೆಯೋಲೆಯಲ್ಲಿ "ಆಫ್ರಿಕಾದ ಕಥೆ" ಎಂದಷ್ಟೇ ಹಾಕಬೇಡಿ. ಯಕ್ಷಗಾನವನ್ನು "ಏಷ್ಯಾದ ಕುಣಿತ" ಎಂದರೆ ನಾವು ಸುಮ್ಮನಿರುತ್ತೇವೆಯೇ? ದೇಶ, ಜನಾಂಗ ಎರಡನ್ನೂ ಬರೆಯಿರಿ. ಹೇಳುವವರಿಗೆ ಕಥೆಯನ್ನು ಹದಿನೈದು ದಿನ ಮೊದಲೇ ಕೊಡಿ.

– ಕಥೆ ಹೇಳುವ ಕೆಲವು ಅಧ್ಯಾಪಕರು, ಕುಂಬಳೆ