ಮೂವತ್ತೊಂದು ಸಲ ಕಾದವನಿಗೆ

ಅಮ್ಮ ಆಪರೇಷನ್ ಮುಗಿಸಿ ಮನೆಗೆ ಬಂದು ಇವತ್ತಿಗೆ ನಲವತ್ತು ದಿನ. ಏನಾಗಿತ್ತು ಅನ್ನೋದು ಇದನ್ನು ಓದುವವರಿಗೆಲ್ಲ ಗೊತ್ತು. ರಕ್ತ ಕೊಟ್ಟವರು, ದಾವಣಗೆರೆಗೆ ಹೊತ್ತಲ್ಲದ ಹೊತ್ತಲ್ಲಿ ಕಾರು ಓಡಿಸಿದವರು, ವಾರ್ಡಿಗೆ ಬುತ್ತಿ ತಂದ ಮೆದೇಹಳ್ಳಿ ರಸ್ತೆಯ ಅಕ್ಕಂದಿರು, ನಿಮ್ಮೆಲ್ಲರ ಋಣ ದೊಡ್ಡದು.

ಉಳಿದಿದ್ದೆಲ್ಲ ಹೊಳಲ್ಕೆರೆಯ ಗೆಳೆಯನಿಗೆ. ಹೆಸರು ಹಾಕಬೇಡ ಅಂದಿದ್ದೀಯ, ಹಾಕಿಲ್ಲ.

ಆಪರೇಷನ್ ರಾತ್ರಿ ಅಣ್ಣ ಆಸ್ಪತ್ರೆಯಲ್ಲಿ, ನಾನು ದುರ್ಗದಲ್ಲಿ ಫೋನಿನ ಮುಂದೆ. ನೀನು ಹಳೇ ಕಂಪ್ಯೂಟರ್ ಹೊತ್ತು ತಂದೆ. ಅದರಲ್ಲಿ ನಾವು ಐದು ಜನ ಸರದಿಯಲ್ಲಿ ಆಡಿದ್ದ ಸ್ಕೈರಿಮ್ ಅನ್ನೋ ಕಂಪ್ಯೂಟರ್ ಆಟದ ಸೇವ್, ಅಂದರೆ ಆಡಿದಷ್ಟನ್ನು ಉಳಿಸಿಟ್ಟ ಫೈಲ್, ಇತ್ತು. ಆಟ ಬಂದದ್ದು 2011ರ ನವೆಂಬರ್ 11ಕ್ಕೆ, ನಮ್ಮ ಕೈಗೆ ಸಿಕ್ಕಿದ್ದು ಮರುವರ್ಷ. ಆಟದೊಳಗಿನ ಹಳೇ ಸಮಾಧಿ ಬ್ಲೀಕ್ ಫಾಲ್ಸ್ ಬ್ಯಾರೋದಲ್ಲಿ, ಉಂಗುರಗಳನ್ನು ತಿರುಗಿಸಿ ತೆರೆಯುವ ಬಾಗಿಲ ಮುಂದೆ ಎರಡು ಸಂಜೆ ಕೂತಿದ್ದೆವಲ್ಲ! ಉತ್ತರ ಕೈಯಲ್ಲೇ ಇತ್ತು: ಚಿನ್ನದ ಪಂಜವನ್ನು ಇನ್ವೆಂಟರಿಯಲ್ಲಿ (ನಮ್ಮ ಸಾಮಾನಿನ ಪಟ್ಟಿಯಲ್ಲಿ) ತಿರುಗಿಸಿದರೆ ಅಂಗೈ ಮೇಲೆ ಕರಡಿ, ಪತಂಗ, ಗೂಬೆ. ಹೊರಗಿನ ಉಂಗುರದಿಂದ ಒಳಕ್ಕೆ ಅದೇ ಕ್ರಮ. ಒಳಗಿಂದ ಬೆಟ್ಟದಾಚೆಗೆ ಹೊರಬೀಳುವ ಹಿಂದಾರಿ ಕಂಡಾಗ, ಓಬವ್ವನ ಕಿಂಡಿ ನೋಡಿ ಬೆಳೆದ ನಮಗೆ ಎಂಥ ಖುಷಿ.

ಆ ಸೇವನ್ನು ಹೊಸ ಸ್ಪೆಷಲ್ ಎಡಿಷನ್‌ಗೆ ನೇರ ಹಾಕಿದರೆ ಕ್ರ್ಯಾಶ್. ಮೂಲ ಆಟದ ಸೇವ್ ಈ 2016ರ ಆವೃತ್ತಿಯಲ್ಲೂ ತೆರೆಯುತ್ತದೆ, ಆದರೆ ನಮ್ಮದಕ್ಕೆ ಮಾಡ್‌ಗಳು, ಅಂದರೆ ಆಟಗಾರರೇ ಮಾಡಿದ ಸೇರ್ಪಡೆಗಳು, ಅಂಟಿದ್ದವು. ಮಾಡ್ ತೆಗೆದರೂ ಅದರ ಸ್ಕ್ರಿಪ್ಟ್ (ಆಟಕ್ಕೆ ಕೊಡುವ ಆದೇಶಗಳು) ಸೇವ್ ಒಳಗೆ ಬೇರು ಬಿಟ್ಟಿರುತ್ತದೆ, ಹುಡುಕುವ ಫೈಲ್ ಸಿಗದೆ ಒದ್ದಾಡುತ್ತದೆ. ನೀನು ಆತುರಪಡಲಿಲ್ಲ. ಹಳೇ ಆಟದಲ್ಲೇ ಅವೇ ಮಾಡ್‌ಗಳನ್ನು ಅದೇ ಕ್ರಮದಲ್ಲಿ ಜೋಡಿಸಿದೆ. ಮಾಡ್‌ನಿಂದ ಬಂದಿದ್ದ ಜೊತೆಗಾರನನ್ನು ಬಿಡುಗಡೆ ಮಾಡಿ, ಮಾಡ್‌ನದೇ ಮನೆಯ ಪೆಟ್ಟಿಗೆಗಳನ್ನು ಖಾಲಿ ಮಾಡಿ, ರಿವರ್‌ವುಡ್ ಹಳ್ಳಿಯ ಹೋಟೆಲಿಗೆ ಬಂದು, ಆಟದೊಳಗೆ ಹೊತ್ತು ಕಳೆಯುವ ಟಿ ಕೀ ಒತ್ತಿದೆ. ಒಂದು ಸಲಕ್ಕೆ 24 ಗಂಟೆ ಮಾತ್ರ ಕಾಯಬಹುದು. ಮಾಡ್ ಮುಟ್ಟಿದ ಜಾಗಗಳೂ ಹೊಸದಾಗಲಿ ಅಂತ ಕಾಯುವುದು; ಶತ್ರುಗಳನ್ನು ಮುಗಿಸಿದ ಜಾಗ ಹೊಸದಾಗಲು ಆಟದೊಳಗೆ 30 ದಿನ ಬೇಕು. ಒಂದು ದಿನ ಹೆಚ್ಚಿಗೆ ಇರಲಿ ಅಂತ ಮೂವತ್ತೊಂದು ಸಲ ಎಣಿಸಲು ನನಗೆ ಹೇಳಿದೆ.

ಹದಿನೇಳಕ್ಕೆ ಫೋನ್ ಬಂತು. ನನ್ನ ಕೈ ನಡುಗಿ ಎತ್ತೋಕಾಗಲಿಲ್ಲ. ಎತ್ತಿದ್ದು ನೀನು. "ಐಸಿಯುಗೆ ತಂದಿದ್ದಾರಂತೆ, ಉಸಿರಾಟ ಸರಿ ಇದೆಯಂತೆ" ಅಂದೆ. ನಾನು ಅತ್ತಿದ್ದು ಎಷ್ಟು ಹೊತ್ತೋ ತಿಳಿಯದು. ನೀನು ನೀರು ತಂದುಕೊಟ್ಟೆ, ಪಕ್ಕದಲ್ಲೇ ಕೂತೆ, ಬಹಳ ಹೊತ್ತಾದ ಮೇಲೆ "ಹದಿನೆಂಟು" ಅಂದೆ.

ಆಮೇಲಿನದು ಬೆಳಗಿನ ಜಾವದ ಕೆಲಸ. ಹೊಸ ಹೆಸರಲ್ಲಿ ಸೇವ್, ಆಟದಿಂದ ಹೊರಗೆ, ಮಾಡ್‌ಗಳು ಆಫ್, ಮತ್ತೆ ಲೋಡ್, ಮತ್ತೊಂದು ಸೇವ್. ಅದನ್ನು ಸೇವ್ ತಿದ್ದುವ ತಂತ್ರಾಂಶ ರೀಸೇವರ್‌ನಲ್ಲಿ ತೆರೆದು ಒಡೆಯರಿಲ್ಲದ ಸ್ಕ್ರಿಪ್ಟ್‌ಗಳನ್ನು ಅಳಿಸಿದೆ. ಆಟದ ನಡುವೆ ಮಾಡ್ ತೆಗೆಯುವುದು ಎಂದಿಗೂ ಪೂರ್ತಿ ಕ್ಷೇಮವಲ್ಲ ಅಂತ ಮೂಲ ಫೈಲಿನ ಮೂರು ಕಾಪಿ ಬೇರೆ ಇಟ್ಟೆ. ಆ ಸೇವನ್ನು ಸ್ಪೆಷಲ್ ಎಡಿಷನ್‌ಗೆ ಹಾಕಿ, ಹೊಸ ಮಾನಿಟರ್‌ನಲ್ಲಿ ಆಟದೊಳಗಿನ ನಮ್ಮ ಮನೆ ಬ್ರೀಜ್‌ಹೋಮ್ ಬಾಗಿಲು ತೆರೆದರೆ ಮೇಜಿನ ತಟ್ಟೆಗಳೆಲ್ಲ ಹಾರಿದವು. ಸೆಕೆಂಡಿಗೆ 144 ಚಿತ್ರ ತೋರಿಸುವ 144 ಹರ್ಟ್ಜ್ ಪರದೆ, ಆಟದ ಭೌತಶಾಸ್ತ್ರಕ್ಕೆ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಮಿತಿ. ಗ್ರಾಫಿಕ್ಸ್ ಡ್ರೈವರ್‌ನಲ್ಲಿ 60ಕ್ಕೆ ಕಟ್ಟಿದೆ, ತಟ್ಟೆಗಳು ಸುಮ್ಮನಾದವು.

ಒಳಗೆ ಆಟದ ಜೊತೆಗಾತಿ ಲಿಡಿಯಾ ಕುರ್ಚಿಯಲ್ಲಿ ಕೂತು ಬ್ರೆಡ್ ತಿನ್ನುತ್ತಿದ್ದಳು. ನಾವು ಹೊರಿಸಿದ್ದ ಡ್ರ್ಯಾಗನ್ ಮೂಳೆಗಳೆಲ್ಲ ಅವಳ ಹತ್ತಿರವೇ ಇದ್ದವು.

ಉಳಿದ ಮೂವರಿಗೆ: ಈ ಭಾನುವಾರ ಮನೆಗೆ ಬನ್ನಿ, ಪೆನ್‌ಡ್ರೈವ್ ತನ್ನಿ. ಅಮ್ಮ ಮಂಡಕ್ಕಿ ಒಗ್ಗರಣೆ ಮಾಡ್ತೀನಿ ಅಂದಿದ್ದಾರೆ, ಮೆಣಸಿನಕಾಯಿ ನಾವೇ ಕರೀಬೇಕು.