ಕೆ.ಬಿ. ಕ್ರಾಸ್‌ವರೆಗಿನ ಟಿಕೆಟ್

ತಿಪಟೂರು
ಭಾನುವಾರ

ಚಿ. ಸಹನಾಳಿಗೆ ದೊಡ್ಡಮ್ಮನ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ. ನೀನು ಚೆನ್ನಾಗಿಲ್ಲ ಅಂತ ಗೊತ್ತಾಗಿಯೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಿನ್ನಮ್ಮ ಪಕ್ಕದಲ್ಲಿ ನಿಂತು "ಏನಂತೆ, ಏನಂತೆ" ಅನ್ನುತ್ತಾಳೆ. ಅದಕ್ಕೇ ಕಾಗದ.

ಮೆಟ್ರೋದಲ್ಲಿ ಎದೆ ಡವಡವ ಹೊಡೆದುಕೊಂಡು, ಬೆರಳು ಜುಮುಗುಟ್ಟಿ, ಇನ್ನೇನು ಸತ್ತೇಹೋದೆ ಅನ್ನಿಸಿ ಯಶವಂತಪುರದಲ್ಲಿ ಇಳಿದುಬಿಟ್ಟೆಯಂತೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆದು "ಏನೂ ಇಲ್ಲ, ಮನೆಗೆ ಹೋಗಿ" ಅಂದರಂತೆ. ಹೃದಯಕ್ಕೆ ಏನೂ ಇಲ್ಲ ಅಂತ ಅದರ ಅರ್ಥ ಪುಟ್ಟಿ. ನಿನಗೆ ಏನೂ ಆಗಿಲ್ಲ ಅಂತ ಅಲ್ಲ.

ನನಗೂ ಆಗಿತ್ತು, 2003ರಲ್ಲಿ. ತುಮಕೂರಿನ ಬಸ್ಸು ಗುಬ್ಬಿ ಹತ್ತಿರ ಬಂದಿತ್ತು. ಮುಂದಿನ ಸೀಟಿನ ಕಂಬಿ ಹಿಡಿದಿದ್ದೆ, ಬೆವರಿಗೆ ಕೈ ಜಾರುತ್ತಿತ್ತು. ಪಕ್ಕದ ಹೆಂಗಸಿನ ಮಡಿಲಲ್ಲಿ ಮಲ್ಲಿಗೆಯ ಪೊಟ್ಟಣ. ಆ ವಾಸನೆಗೆ ಇವತ್ತಿಗೂ ನನಗೆ ಹೊಟ್ಟೆ ತೊಳೆಸುತ್ತದೆ. "ಇಳಿಸ್ರೀ" ಅಂತ ಕೂಗಿ ಗುಬ್ಬಿಯಲ್ಲಿ ಇಳಿದೆ. ಇಳಿದ ಕೂಡಲೇ ಹಗುರಾಯಿತು. ಮೋಸ ಮಾಡಿದ್ದು ಆ ಹಗುರವೇ. ಇಳಿದಿದ್ದಕ್ಕೇ ಬದುಕಿದೆ ಅಂತ ಮನಸ್ಸು ಲೆಕ್ಕ ಹಾಕಿಕೊಂಡುಬಿಟ್ಟಿತು. ಆಮೇಲೆ ತುಮಕೂರು ಬಿಟ್ಟೆ. ಬಸ್ಸೇ ಬಿಟ್ಟೆ. ಸಂತೆ, ಮದುವೆಮನೆ ಎಲ್ಲ ಬಿಟ್ಟೆ. ಉಳಿದದ್ದು ಮನೆ, ಸ್ಕೂಲು, ಮನೆ. ನೀನೀಗ ಮೆಟ್ರೋ ಬಿಟ್ಟು ಆಟೋ, ಆಟೋ ಬಿಟ್ಟು ಮನೆಯಿಂದಲೇ ಕೆಲಸ ಅನ್ನುತ್ತಿದ್ದೀಯಲ್ಲ, ಅದೇ ದಾರಿ.

ಹೀಗೆ ಇದ್ದಕ್ಕಿದ್ದಂತೆ ಮೈಮೇಲೆ ಬರುವ ಗಾಬರಿಗೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ. ಒಂದು ಸಲ ಬಂದರೆ ಕಾಯಿಲೆ ಅಲ್ಲ. ಮತ್ತೆ ಬಂದೀತು ಅನ್ನುವ ಭಯಕ್ಕೇ ತಿಂಗಳಿಗಿಂತ ಜಾಸ್ತಿ ಓಡಾಟ ಬದಲಾಯಿಸಿಕೊಂಡು ಬದುಕಿದರೆ ಡಾಕ್ಟರಿಗೆ ತೋರಿಸಲೇಬೇಕು. ನಿನ್ನ ಚಿಕ್ಕಜ್ಜಿಯದು ಬೇರೆ ಬಗೆ. ಹಾಲು ಉಕ್ಕಿದರೂ ಚಿಂತೆ, ಉಕ್ಕದಿದ್ದರೂ ಚಿಂತೆ, ಅದೂ ವರ್ಷಗಟ್ಟಲೆ. ಆಕೆಗೂ ಔಷಧಿ ಇತ್ತೇನೋ. "ಅವಳ ಸ್ವಭಾವವೇ ಹಾಗೆ" ಅಂದುಬಿಟ್ಟೆವು ಎಲ್ಲರೂ.

ಆಗುವುದಿಷ್ಟು. ಹಾವು ಕಂಡಾಗ ಉಕ್ಕುವ ಅಡ್ರಿನಲಿನ್ನೇ ಮೈಯಲ್ಲಿ ಉಕ್ಕುತ್ತದೆ, ಹಾವು ಮಾತ್ರ ಇರುವುದಿಲ್ಲ. ಗಾಬರಿಗೆ ಉಸಿರು ಜೋರಾಗಿ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮುಗುಟ್ಟುತ್ತದೆ, ತಲೆ ತಿರುಗುತ್ತದೆ. ಸಾಮಾನ್ಯವಾಗಿ 10 ನಿಮಿಷದೊಳಗೆ ಎಷ್ಟು ಏರಬೇಕೋ ಅಷ್ಟು ಏರಿ, ತಾನೇ ಇಳಿಯುತ್ತದೆ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಒಬ್ಬ ಡಾಕ್ಟರು ತಳಮಳ ತಗ್ಗಿಸುವ ಆಲ್ಪ್ರಜೋಲಾಂ ಮಾತ್ರೆ ಬರೆದುಕೊಟ್ಟರು. ಅದೇ ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ತಂದು ನುಂಗಿದೆ. ಬೇಗ ಹಿತ ಕೊಡುತ್ತದೆ, ಅಂಟಿಕೊಂಡೂ ಬಿಡುತ್ತದೆ. ಬಿಡಿಸೋಕೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕಾಯಿತು. ನಿನಗೆ ಯಾರಾದರೂ ಬರೆದುಕೊಟ್ಟರೆ "ಎಷ್ಟು ದಿನಕ್ಕೆ?" ಅಂತ ಕೇಳು.

ಕೊನೆಗೆ ನಿನ್ನ ದೊಡ್ಡಪ್ಪ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿದರು. ಮೊದಲು ಥೈರಾಯ್ಡ್ ಟೆಸ್ಟ್ ಮಾಡಿಸಿದರು. ಅದು ಜಾಸ್ತಿಯಾದರೂ ಹೀಗೇ ಎದೆ ಹೊಡೆದುಕೊಳ್ಳುತ್ತದಂತೆ. ಆಮೇಲೆ ಸೈಕಾಲಜಿಸ್ಟ್. ಆಕೆ ಒಂದು ಹಾಳೆ ಕೊಟ್ಟು ತುಮಕೂರಿನ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ನನ್ನ ಕೈಯಲ್ಲೇ ಬರೆಸಿದರು: ನಿಂತ ಬಸ್ಸು, ಕೆ.ಬಿ. ಕ್ರಾಸ್, ನಿಟ್ಟೂರು, ಗುಬ್ಬಿ, ತುಮಕೂರು. ಭಯ ಇಳಿಯುವ ಮುಂಚೆ ನಾನು ಇಳಿಯಬಾರದು, ಅಷ್ಟೇ ನಿಯಮ. ಮೊದಲ ವಾರ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಬಸ್ಸು ಹತ್ತಿ ಸುಮ್ನೆ ಕೂತೆ. ಕಂಡಕ್ಟರು "ಎಲ್ಲಿಗಮ್ಮಾ?" ಅಂದರೆ "ಎಲ್ಲಿಗೂ ಇಲ್ಲಪ್ಪ" ಅಂದೆ. ಪಾಪ, ಏನಂದುಕೊಂಡನೋ! ಕೆ.ಬಿ. ಕ್ರಾಸ್ ತಲುಪುವಷ್ಟರಲ್ಲಿ ಟಿಕೆಟ್ ಹಿಂಡಿ ಹಿಂಡಿ ಅಕ್ಷರವೆಲ್ಲ ಅಳಿಸಿಹೋಗಿತ್ತು. ಎದೆ ಹೊಡೆದುಕೊಂಡಿತು, ಹೊಡೆದುಕೊಂಡಿತು, ಆಮೇಲೆ ಅದಕ್ಕೇ ಸಾಕಾಯಿತು. ಗುಬ್ಬಿ ದಾಟೋಕೆ 4 ತಿಂಗಳು ಹಿಡಿಯಿತು. ಯೋಚನೆ, ನಡವಳಿಕೆ ಎರಡನ್ನೂ ತಿದ್ದುವ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯಲ್ಲಿ ಇದೂ ಒಂದು ಭಾಗವಂತೆ.

ಮಾತ್ರೆ ಬೇಕು ಅಂದರೆ ಹೆದರಬೇಡ. ಈಗ ಎಸ್ಸಿಟಾಲೋಪ್ರಾಂ, ಸರ್ಟ್ರಲಿನ್ ಥರದ್ದು ಕೊಡುತ್ತಾರೆ. ಶುರುವಿನಲ್ಲಿ ತಳಮಳ ಸ್ವಲ್ಪ ಜಾಸ್ತಿಯೇ ಆಗಬಹುದು. ಗುಣ ಕಾಣೋಕೆ ಕೆಲವು ವಾರ ಬೇಕು. ಚೆನ್ನಾಗಾಯಿತು ಅಂತ ನೀನಾಗಿ ನಿಲ್ಲಿಸಬೇಡ.

ಮನಸ್ಸಿನ ಕಾಯಿಲೆಗಳನ್ನು ನೋಡುವ ದೊಡ್ಡಾಸ್ಪತ್ರೆ, ಹೊಸೂರು ರಸ್ತೆಯ ನಿಮ್ಹಾನ್ಸ್, ನಿನ್ನ ಊರು ಬೆಂಗಳೂರಿನಲ್ಲೇ ಇದೆ. ಬೆಳಗ್ಗೆ ಬೇಗ ಹೋಗು, ಜನ ಇರುತ್ತಾರೆ. ಅಲ್ಲಿವರೆಗೂ ಹೋಗೋಕೆ ಧೈರ್ಯ ಸಾಲದಿದ್ದರೆ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಶುರುಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದ ರಾತ್ರಿ ಬೆಳಗಾಗಲಿ ಅಂತ ಕಾಯಬೇಡ ಕಣೇ. ಅಲ್ಲಿಗೂ ಮಾಡು, ನನಗೂ ಮಾಡು.

ನಿನ್ನಮ್ಮ ದೃಷ್ಟಿ ತೆಗೆಯುತ್ತೇನೆ ಅಂದರೆ ತೆಗೆಯಲಿ, ಅವಳ ಸಮಾಧಾನಕ್ಕೆ. "ಗಂಡಿನ ಕಡೆಯವರಿಗೆ ಗೊತ್ತಾದರೆ ಕಷ್ಟ, ಡಾಕ್ಟರು ಗೀಕ್ಟರು ಬೇಡ" ಅಂದರೆ ಮಾತ್ರ ಫೋನ್ ನನ್ನ ಕೈಗೆ ಕೊಡು. ನನ್ನ ತಂಗಿ ತಾನೇ, ನಾನು ನೋಡಿಕೊಳ್ಳುತ್ತೇನೆ.

ಯಾವತ್ತು ತೋರಿಸುತ್ತೀಯ ಅಂತ ತಿಳಿಸು, ಜೊತೆಗೆ ನಾನೂ ಬರುತ್ತೇನೆ. ಬಸ್ಸಿನಲ್ಲೇ. ಪಕ್ಕದಲ್ಲಿ ಮಲ್ಲಿಗೆ ಮುಡಿದವರು ಕೂತರೆ ಸೀಟು ಬದಲಾಯಿಸುತ್ತೇನೆ, ಅಷ್ಟೊಂದು ಶೂರಳೇನಲ್ಲ ನಾನು.

ಇಂತಿ,
ನಿನ್ನ ದೊಡ್ಡಮ್ಮ