ಕಂಪಾಲಾಗೆ ಹೊರಟ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ವೀಸಾ ಕೈಗೆ ಬಂತು ಅಂತ ಅಮ್ಮ ಹೇಳಿದಳು. ಭಾನುವಾರ ರಾತ್ರಿ ಬೆಂಗಳೂರಿನಿಂದ ವಿಮಾನ. ನನ್ನ ಮಂಡಿಯ ಹೊಲಿಗೆ ಇನ್ನೂ ಬಿಚ್ಚಿಲ್ಲ, ಹಾಸನದಿಂದ ಅಷ್ಟು ಹೊತ್ತು ಕಾರಿನಲ್ಲಿ ಕೂರಲು ಡಾಕ್ಟರು ಬಿಡುತ್ತಿಲ್ಲ. ನಿನ್ನನ್ನು ಕಳಿಸಿಕೊಡಲು ಬರಲಾಗುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡ ಮಗಳೇ. ಫೋನಿನಲ್ಲಿ ಮಾತಾಡಿದರೆ ನಿನಗೂ ಗಂಟಲು ಕಟ್ಟುತ್ತದೆ, ನನಗೂ ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಯುಗಾದಿ ದಿನ ಊಟದ ಹೊತ್ತಿನಲ್ಲಿ ಆದ ಮಾತು ಇಬ್ಬರಿಗೂ ನೆನಪಿದೆ. ಅದನ್ನು ಮತ್ತೆ ಎತ್ತುವುದು ಬೇಡ. ನನ್ನನ್ನು ನೋಡಲು ಬಂದವರಿಗೆಲ್ಲ, ನನ್ನ ಮಗಳು ಉಗಾಂಡಾದಲ್ಲಿ ಮೊಬೈಲ್ ಟವರುಗಳ ಉಸ್ತುವಾರಿಗೆ ಹೋಗುತ್ತಿದ್ದಾಳೆ ಅಂತಲೇ ಹೇಳುತ್ತಿದ್ದೇನೆ. ಕೆಲವರಿಗೆ ಎರಡೆರಡು ಸಲ ಹೇಳಿದ್ದೇನೆ ಅಂತ ಅಮ್ಮನ ದೂರು.

ಉಗಾಂಡಾ ಅಂದ ಕೂಡಲೇ ಅಜ್ಜಿ ಅಲ್ಲಿ ಸರ್ವಾಧಿಕಾರಿಯಾಗಿದ್ದ ಇದಿ ಅಮೀನ್ ಹೆಸರು ತೆಗೆದರು. 1972ರಲ್ಲಿ ಅವನು ಭಾರತದ ಮೂಲದವರಿಗೆಲ್ಲ 90 ದಿನದೊಳಗೆ ದೇಶ ಬಿಡಿ ಅಂದಿದ್ದು ಅವರ ತಲೆಯಲ್ಲಿ ಹಾಗೇ ಕೂತಿದೆ. 1979ರಲ್ಲೇ ಅವನು ಓಡಿಹೋದ ಅಂದರೂ ಕೇಳಲಿಲ್ಲ. ಆಗ ನನಗೆ ಮೊ ಇಬ್ರಾಹಿಂ ನೆನಪಾದರು. ಆಫ್ರಿಕಾದಲ್ಲಿ ಮೊಬೈಲ್ ಕಂಪನಿ ಕಟ್ಟಲು ಅವರು ಹೊರಟಾಗ, ಪಾಶ್ಚಾತ್ಯ ಕಂಪನಿಗಳ ದೊಡ್ಡ ಮನುಷ್ಯರ ಬಾಯಲ್ಲೂ ಇದೇ ಅಮೀನ್ ಹೆಸರು ಬಂದಿತ್ತಂತೆ. ಅವನು ಹೋಗಿ ಎಷ್ಟೋ ವರ್ಷ ಆದಮೇಲೂ!

ಈ ಮನುಷ್ಯನ ವಿಷಯ ನಿನಗೆ ಹೇಳಲೇಬೇಕು. 1946ರಲ್ಲಿ ಸುಡಾನಿನಲ್ಲಿ ಹುಟ್ಟಿದವರು, ನುಬಿಯನ್ ಮನೆತನ. ಬೆಳೆದದ್ದು, ಎಂಜಿನಿಯರಿಂಗ್ ಓದಿದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಸುಡಾನಿನ ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಮಾಡಿ, 1974ರಲ್ಲಿ ಬ್ರಿಟನ್ನಿಗೆ ಹೋದರು. ಬರ್ಮಿಂಗ್‌ಹ್ಯಾಮಿನಲ್ಲಿ ಮೊಬೈಲ್ ಸಂಪರ್ಕದ ಮೇಲೆ ಪಿಎಚ್‌ಡಿ ಮಾಡಿದರು, ಆಗಿನ್ನೂ ಜನರ ಕೈಯಲ್ಲಿ ಮೊಬೈಲೇ ಇರಲಿಲ್ಲ. ಸೆಲ್‌ನೆಟ್ ಕಂಪನಿಯ ತಾಂತ್ರಿಕ ನಿರ್ದೇಶಕರಾಗಿ ಬ್ರಿಟನ್ನಿನ ಮೊದಲ ಮೊಬೈಲ್ ಜಾಲಗಳಲ್ಲಿ ಒಂದನ್ನು ಕಟ್ಟಿದರು. 1989ರಲ್ಲಿ ಆ ಕೆಲಸ ಬಿಟ್ಟು, ಬೇರೆಯವರ ಜಾಲಗಳಿಗೆ ನಕ್ಷೆ ಹಾಕಿಕೊಡುವ ಸ್ವಂತ ಕಂಪನಿ ಶುರು ಮಾಡಿದರು. ಎಲ್ಲರಿಗೂ ಜಾಲ ಕಟ್ಟಿಕೊಟ್ಟರೂ ಆಫ್ರಿಕಾಕ್ಕೆ ಹೋಗಲು ಯಾರೂ ತಯಾರಿಲ್ಲ ಅಂತ ಗೊತ್ತಾದಾಗ, 1998ರಲ್ಲಿ ತಾವೇ ಇಳಿದರು. ಅದೇ ಮುಂದೆ ಸೆಲ್‌ಟೆಲ್ ಆಯಿತು.

ಕಾಂಗೋದಲ್ಲಿ ಟವರ್ ನಿಲ್ಲಿಸಿದ್ದನ್ನು ಓದಿದರೆ ನಮ್ಮಂಥ ಕೇಬಲ್ ಕೆಲಸದವರಿಗೆ ಮೈ ಜುಮ್ಮೆನ್ನುತ್ತದೆ. ರಸ್ತೆ ಇಲ್ಲ, ಹೆಲಿಕಾಪ್ಟರಿನಲ್ಲಿ ಸಾಮಾನು ಇಳಿಸಬೇಕು. ಕರೆಂಟ್ ಇಲ್ಲ, ಜನರೇಟರ್ ಬೇಕು, ಅದಕ್ಕೆ ಡೀಸೆಲ್ ಹೊತ್ತೊಯ್ಯಬೇಕು. ಕಾಂಗೋ ನದಿಯ ಈ ದಡದಲ್ಲಿ ಕಿನ್ಶಾಸಾ, ಆ ದಡದಲ್ಲಿ ಬ್ರಾಜಾವಿಲ್. ಎದುರುಬದುರು ಎರಡು ದೇಶಗಳ ರಾಜಧಾನಿಗಳು. ಆದರೂ ಒಂದರಿಂದ ಇನ್ನೊಂದಕ್ಕೆ ಫೋನ್ ಮಾಡಿದರೆ ಕರೆ ಉಪಗ್ರಹದ ಮೂಲಕ ಯುರೋಪ್ ಸುತ್ತಿ ಬರುತ್ತಿತ್ತು. ಸೆಲ್‌ಟೆಲ್‌ನವರು ನದಿಯ ಮೇಲಿಂದ ನೇರ ಮೈಕ್ರೋವೇವ್ ಸಂಪರ್ಕ, ಅಂದರೆ ತಂತಿಯಿಲ್ಲದ ರೇಡಿಯೋ ಸಂಪರ್ಕ ಕೊಟ್ಟರು. ದುಡ್ಡಿಲ್ಲದವರೂ ಮಾತಾಡಲಿ ಅಂತ ಪ್ರೀಪೇಯ್ಡ್ ಕಾರ್ಡ್. 2005ರಲ್ಲಿ ಕುವೈತಿನ ಮೊಬೈಲ್ ಕಂಪನಿ ಎಂಟಿಸಿ ಸೆಲ್‌ಟೆಲ್ಲನ್ನು 340 ಕೋಟಿ ಡಾಲರಿಗೆ ಕೊಂಡುಕೊಂಡಿತು. ನೌಕರರಿಗೂ ಪಾಲಿತ್ತು, ನೂರರಷ್ಟು ಮಂದಿ ಆಗ ಮಿಲಿಯನೇರ್‌ಗಳಾದರು. ಎಂಟಿಸಿ ಮುಂದೆ ಜೈನ್ ಅಂತ ಹೆಸರು ಬದಲಿಸಿತು, 2010ರಲ್ಲಿ ಜೈನ್‌ನ ಆಫ್ರಿಕಾ ವ್ಯವಹಾರ ನಮ್ಮ ಏರ್‌ಟೆಲ್ ಕೈಗೆ ಬಂತು. ನೀನು ನೋಡಿಕೊಳ್ಳುವ ಟವರುಗಳಲ್ಲಿ ಒಂದೆರಡು ಸೆಲ್‌ಟೆಲ್ ಕಾಲದವೇ ಇರಬಹುದು.

ನನಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಅವರ ಒಂದು ನಿಯಮ. 30,000 ಡಾಲರ್ ದಾಟಿದ ಯಾವ ಪಾವತಿಗೂ ಇಡೀ ಆಡಳಿತ ಮಂಡಳಿ ಒಪ್ಪಬೇಕು. ಮುಖ್ಯಸ್ಥನೇ ಆದರೂ ಒಬ್ಬನೇ ಸಹಿ ಹಾಕುವಂತಿಲ್ಲ. ಆ ಮಂಡಳಿಯಲ್ಲಿ ಟಾಂಜಾನಿಯಾದ ಪ್ರಧಾನಿಯಾಗಿದ್ದ ಸಲೀಂ ಅಹ್ಮದ್ ಸಲೀಂ ಅಂಥವರು ಕೂತಿದ್ದರು. ಈಗ ಯೋಚನೆ ಮಾಡು. ಯಾವುದೋ ಊರಿನಲ್ಲಿ ಒಬ್ಬ ಅಧಿಕಾರಿ ಲಂಚ ಕೇಳುತ್ತಾನೆ. ಅಲ್ಲಿರುವ ಹುಡುಗ, ಇದು ನನ್ನ ಕೈಯಲ್ಲಿ ಇಲ್ಲ ಸಾರ್, ಮೇಲೆ ಕೇಳಬೇಕು, ಅಂತ ಧೈರ್ಯವಾಗಿ ಹೇಳಬಹುದು. ಅವನ ಬೆನ್ನಿಗೆ ಒಂದು ಕಂಪನಿ ನಿಂತಿದೆ. ಒಬ್ಬಂಟಿ ಹುಡುಗನ ಪ್ರಾಮಾಣಿಕತೆಯ ಮೇಲೇ ಎಲ್ಲ ಭಾರ ಹಾಕಲಿಲ್ಲ ಅವರು.

ಇದನ್ನು ಓದಿದಾಗಿನಿಂದ ನನಗೆ ಆ ಅಳತೆ ಪುಸ್ತಕದ್ದೇ ಯೋಚನೆ. ನೀನಾಗ ತುಂಬಾ ಚಿಕ್ಕವಳು, ನಾವು ಫೈಬರ್ ಕೇಬಲ್ ಎಳೆಯುತ್ತಿದ್ದೆವು. ನಮಗಿದ್ದ ನಿಯಮ 165 ಸೆಂಟಿಮೀಟರ್ ಆಳ. ಒಂದು ಕಡೆ ಬಂಡೆ ಸಿಕ್ಕಿತು. ಕೂಲಿಯವರು ಹಾರೆ ಹಾಕಿ ಹಾಕಿ ಸೋತರು. ಕೊನೆಗೆ ಮಂಡಿಯುದ್ದ ಅಗೆದು, ಪೈಪ್ ಮಲಗಿಸಿ, ಮಣ್ಣು ಮುಚ್ಚಿಬಿಟ್ಟರು. ನನ್ನ ಜೊತೆ ಒಬ್ಬ ಮೇಲ್ವಿಚಾರಕನಿದ್ದ, ಹೆಸರು ಬೇಡ. ತುಂಬಾ ಒಳ್ಳೆಯವನು, ತನ್ನ ಬುತ್ತಿಯ ರೊಟ್ಟಿಯನ್ನು ಕೂಲಿಯವರ ಮಕ್ಕಳಿಗೆ ಕೊಟ್ಟುಬಿಡುತ್ತಿದ್ದ. ಸಂಜೆ ಬೈಕಿನ ಹೆಡ್‌ಲೈಟ್ ಬೆಳಕಿನಲ್ಲಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತ. ಕಂಟ್ರಾಕ್ಟರಿನ ಕಡೆಯವನು ಪಕ್ಕದಲ್ಲಿ ಟೇಪ್ ಹಿಡಿದು ನಿಂತಿದ್ದ. ಟೇಪ್ ಬಿಚ್ಚಲೇ ಇಲ್ಲ. ಇವನು ಒಂದೊಂದು ಸಾಲಿನಲ್ಲೂ 165, 165 ಅಂತ ಬರೆದ. ಒಂದು ಸಾಲಿನಲ್ಲಿ 164 ಅಂತ ಹಾಕಿದ, ನಿಜ ಅಂತ ಅನ್ನಿಸಲಿ ಅಂತ.

ಎರಡು ಮಳೆಗಾಲ ಕಳೆದು ರಸ್ತೆ ಅಗಲ ಮಾಡುವಾಗ ಕೇಬಲ್ ತುಂಡಾಯಿತು. ವಿಚಾರಣೆ ನಡೆಯಿತು. ಬಾಯಿಮಾತಿನಲ್ಲಿ ಬರಿ ಬರಿ ಅಂದವರು ಎಷ್ಟೋ ಜನ, ಪುಸ್ತಕದಲ್ಲಿ ಇದ್ದದ್ದು ಇವನೊಬ್ಬನ ಸಹಿ. ಕೆಲಸ ಹೋಯಿತು. ಅವನ ಮಗಳ ಫೀಸು ಕಟ್ಟುವ ದಿನ ಹತ್ತಿರ ಇತ್ತು ಪುಟ್ಟಿ, ಅದಕ್ಕೇ ಮೇಲಿನವರಿಗೆ ಇಲ್ಲ ಅನ್ನಲಾಗಲಿಲ್ಲ. ಆ 164 ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸುಳ್ಳನ್ನೂ ಎಷ್ಟು ಶ್ರದ್ಧೆಯಿಂದ ಬರೆದ ಅಂತ ಸಂಕಟ ಆಗುತ್ತದೆ. ರಾತ್ರಿ ನಿದ್ದೆ ಬರದಿದ್ದರೆ ಆ ಜಾಗದಲ್ಲಿ ನೀನು ಕೂತ ಹಾಗೆ ಕಾಣುತ್ತದೆ. ಡೀಸೆಲ್ ಲೆಕ್ಕದ ಪುಸ್ತಕ, ಬ್ಯಾಟರಿ ಬದಲಿಸಿದ ರಿಜಿಸ್ಟರು, ಸ್ಥಳ ಪರಿಶೀಲನೆಯ ವರದಿ. ಯಾರೋ ನಗುನಗುತ್ತಾ, ಮೇಡಂ, ಎಲ್ಲ ಸರಿ ಇದೆ, ಸುಮ್ನೆ ಒಂದು ಸಹಿ ಹಾಕಿ, ಅನ್ನುತ್ತಾನೆ. ಹಾಗೆ ಕೇಳುವವರು ಎಲ್ಲ ದೇಶದಲ್ಲೂ ಇದ್ದಾರೆ, ನಮ್ಮಲ್ಲಂತೂ ಜಾಸ್ತಿ. ಆಫ್ರಿಕಾ ಅಂತ ನಾನು ಹೆದರಿದ್ದಲ್ಲ. ನೀನು ಹೊಸಬಳು, ಒಬ್ಬಳೇ, ಅಪ್ಪ ಅಮ್ಮನಿಗೆ ಹೇಳಿಕೊಳ್ಳದವಳು. ಅದೇ ಹೆದರಿಕೆ.

ಉಪದೇಶ ಮಾಡಬಾರದು ಅಂದುಕೊಂಡೇ ಕೂತೆ. ಆದರೂ ಕೇಳು. ಕೆಲಸಕ್ಕೆ ಸೇರಿದ ವಾರದಲ್ಲೇ ಯಾವ ಮೊತ್ತಕ್ಕೆ ಯಾರ ಸಹಿ ಬೇಕು ಅಂತ ಬರಹದಲ್ಲಿ ಕೇಳಿ ತೆಗೆದುಕೊ. ನೋಡದೆ ಇರುವ ಟವರಿನ ವರದಿಗೆ ಸಹಿ ಹಾಕಬೇಡ. ಫೋಟೋ ತೆಗೆದಿಡು, ತಾರೀಖಿನ ಸಮೇತ. ಬಾಯಲ್ಲಿ ಹೇಳಿದ್ದನ್ನು ಅವತ್ತೇ ಮೇಲ್‌ನಲ್ಲಿ ಬರೆದು ಕಳಿಸು. ಕಡಿಮೆ ಇದ್ದರೆ ಕಡಿಮೆ ಅಂತಲೇ ಬರಿ. ಬೈಗುಳ ಬರುತ್ತದೆ, ಬರಲಿ. ಸಂಬಳ ನಿಂತರೂ ವಾಪಸು ಬರುವ ಟಿಕೆಟ್ಟಿಗೆ ದುಡ್ಡು ನಾನು ಎತ್ತಿಟ್ಟಿದ್ದೇನೆ. ಅದು ಅಮ್ಮನಿಗೂ ಗೊತ್ತಿಲ್ಲ.

ಇಬ್ರಾಹಿಂ ಅವರು ದುಡ್ಡು ಬಂದಮೇಲೆ ಏನು ಮಾಡಿದರು ಅಂತ ಹೇಳಿ ಮುಗಿಸುತ್ತೇನೆ. 2006ರಲ್ಲಿ ಫೌಂಡೇಶನ್ ಕಟ್ಟಿದರು. ಅದರ ಕೆಲಸವನ್ನು ಶುರುವಿನಿಂದ ನಡೆಸಿದವರು ಅವರ ಮಗಳು ಹದೀಲ್, ಇದು ನನಗೆ ತುಂಬಾ ಹಿಡಿಸಿತು. ಆಫ್ರಿಕಾದ ದೇಶಗಳ ಆಡಳಿತ ಹೇಗಿದೆ ಅಂತ ಅಳೆದು ಪ್ರಕಟಿಸುತ್ತಾರೆ. ಇನ್ನೊಂದು, ಚುನಾವಣೆಯಿಂದ ಬಂದು, ಚೆನ್ನಾಗಿ ಆಳಿ, ಅವಧಿ ಮುಗಿದಾಗ ಕುರ್ಚಿ ಬಿಟ್ಟ ನಾಯಕರಿಗೆ ಬಹುಮಾನ. ಹತ್ತು ವರ್ಷದಲ್ಲಿ 50 ಲಕ್ಷ ಡಾಲರ್, ಆಮೇಲೆ ಬದುಕಿರುವ ತನಕ ವರ್ಷಕ್ಕೆ 2 ಲಕ್ಷ. ಮೊಜಾಂಬಿಕ್‌ನ ಶಿಸಾನೊ ಅವರಿಗೆ 2007ರಲ್ಲಿ, ಬೋಟ್ಸ್ವಾನಾದ ಮೊಗೆ ಅವರಿಗೆ 2008ರಲ್ಲಿ, ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್ ಅವರಿಗೆ 2017ರ ಸಾಲಿನಲ್ಲಿ ಬಂತು.

ಅಧ್ಯಕ್ಷರಾಗಿದ್ದವರಿಗೆ ಯಾಕೆ ಅಷ್ಟು ದುಡ್ಡು, ಶಾಲೆ ಕಟ್ಟಿಸಬಾರದಿತ್ತಾ ಅಂತ ಅಮ್ಮ ಕೇಳಿದಳು. ಒಳ್ಳೆಯ ಪ್ರಶ್ನೆ. ನಾನು ಅಂದೆ, ಒಬ್ಬರ ದಾನದಲ್ಲಿ ಎಷ್ಟು ಶಾಲೆ ಆಗುತ್ತದೆ? ಖಜಾನೆಯ ಬೀಗ ನೆಟ್ಟಗಿದ್ದರೆ ಎಲ್ಲ ಶಾಲೆಗೂ ಅದರಲ್ಲೇ ದುಡ್ಡಿದೆ. ಅವಳು ಪೂರ್ತಿ ಒಪ್ಪಲಿಲ್ಲ. ಆದರೆ 2009ರಲ್ಲಿ, 2010ರಲ್ಲಿ, 2012ರಲ್ಲಿ, 2013ರಲ್ಲಿ ಯಾರಿಗೂ ಕೊಡಲಿಲ್ಲ ಅಂದಾಗ ಸುಮ್ಮನಾದಳು. ದುಡ್ಡು ಎದುರಿಗೇ ಇದೆ, ಜಗತ್ತೇ ನೋಡುತ್ತಿದೆ, ಆದರೂ ಈ ವರ್ಷ ಯಾರೂ ಇಲ್ಲ ಅಂತ ಹೇಳಿಬಿಟ್ಟರು. ಅಳತೆ ಇಳಿಸಲಿಲ್ಲ. ನನ್ನ ಗೆಳೆಯನ ಪುಸ್ತಕದಲ್ಲಿ ಬರೆಯಬೇಕಿದ್ದದ್ದು ಅದೇ ಅಲ್ವಾ.

ಹಳದಿ ಜ್ವರದ ಲಸಿಕೆಯ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಯಲ್ಲೇ ಇಟ್ಟುಕೊ. ಅಮ್ಮ ಚಟ್ನಿಪುಡಿ, ಮೆಂತ್ಯದ ಹಿಟ್ಟು ಕಟ್ಟಿದ್ದಾಳೆ, ತೂಕ ಜಾಸ್ತಿ ಅಂತ ಬಿಟ್ಟುಹೋಗಬೇಡ. ಅಲ್ಲಿ ರಾತ್ರಿ ಎಂಟಾದರೆ ಇಲ್ಲಿ ಹತ್ತೂವರೆ, ನಾನು ಎದ್ದಿರುತ್ತೇನೆ. ಆ ಸಹಿಯ ಪಟ್ಟಿ ಕೈಗೆ ಬಂದ ದಿನ ಫೋನ್ ಮಾಡು.

ನಿನ್ನ ಅಪ್ಪ